ಯಾವ ಕಡತ ವಾರ್ಡಿಗೆ, ಯಾವುದು ಮೇಯರ್ ಮೇಜಿಗೆ?

ನಗರ ಯೋಜನಾ ಶಾಖೆಯ ಕೆಲಸದಿಂದ ನಿವೃತ್ತನಾದ ಮೇಲೆ, ಕಲಬುರಗಿಯ ವಾರ್ಡ್ ಸಮಿತಿಗಳಲ್ಲಿ ಆಸಕ್ತಿಯಿದ್ದ ಕೆಲವರಿಗೆ ಎರಡು ದಿನಗಳ ತರಬೇತಿ ನೀಡಿದ್ದೆ. ಯೋಜನೆಗೆ ಸಂಬಂಧಿಸಿದ ಯಾವ ನಿರ್ಧಾರ ನಗರಮಟ್ಟದಲ್ಲಿ ಆಗಬೇಕು, ಯಾವುದು ವಾರ್ಡ್‌ನಲ್ಲೇ ಮುಗಿಯಬೇಕು ಎಂಬುದು ವಿಷಯ. ಸಂವಿಧಾನದ 74ನೇ ತಿದ್ದುಪಡಿಯು ನಗರ ಯೋಜನೆಯನ್ನು 12ನೇ ಅನುಸೂಚಿಯ (ನಗರಾಡಳಿತ ಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿ) ಮೊದಲ ಬಾಬತ್ತಾಗಿಯೇ ಇಟ್ಟಿದ್ದರೂ, ನಮ್ಮಲ್ಲಿ ಮಹಾಯೋಜನೆ ಮತ್ತು ಲೇಔಟ್ ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿವೆ, ಕಟ್ಟಡ ಪರವಾನಗಿ ಪಾಲಿಕೆ ಆಯುಕ್ತರದ್ದು, ಕೃಷಿ ಜಮೀನಿನ ಭೂಪರಿವರ್ತನೆ ಜಿಲ್ಲಾಧಿಕಾರಿಗಳದ್ದು. ಮೇಯರ್ ಅವಧಿ ಒಂದೇ ವರ್ಷ. ಹೀಗಿರುವಾಗ ಹಂಚಿಕೆಯ ಪ್ರಶ್ನೆಯನ್ನು ಕೇಳುವವರೇ ಕಡಿಮೆ.

ಆದ್ದರಿಂದ ಲಂಡನ್ನಿನ ಮಾದರಿಯನ್ನು ಮುಂದಿಟ್ಟೆ. ಅಲ್ಲಿ 32 ಬರೋಗಳ (ನಗರದೊಳಗಿನ ಸ್ಥಳೀಯ ಆಡಳಿತ ವಿಭಾಗಗಳು) ಕೌನ್ಸಿಲ್‌ಗಳೂ ಸಿಟಿ ಆಫ್ ಲಂಡನ್ ನಿಗಮವೂ ತಮ್ಮ ಪ್ರದೇಶದ ಅರ್ಜಿಗಳನ್ನು ತಾವೇ ತೀರ್ಮಾನಿಸುತ್ತವೆ. 150ಕ್ಕಿಂತ ಹೆಚ್ಚು ಮನೆಗಳಿರುವ ಅಥವಾ (ಸಿಟಿ ಆಫ್ ಲಂಡನ್ನಿನ ಹೊರಗೆ) 30 ಮೀಟರ್‌ಗಿಂತ ಎತ್ತರವಾದಂಥ ನಿಗದಿತ ಬಗೆಯ ಯೋಜನೆಗಳನ್ನು ಮಾತ್ರ ಮೇಯರ್ ಗಮನಕ್ಕೆ ತರಬೇಕು. ಕೌನ್ಸಿಲ್ ತನ್ನ ನಿಲುವು ತಿಳಿಸಿದ ಬಳಿಕ 14 ದಿನಗಳಲ್ಲಿ ಮೇಯರ್ ಅದನ್ನು ಒಪ್ಪಬಹುದು, ನಿರಾಕರಿಸುವಂತೆ ನಿರ್ದೇಶಿಸಬಹುದು, ಇಲ್ಲವೇ ನಿಗದಿತ ಕಾರಣಗಳಿದ್ದರೆ ಅರ್ಜಿಯನ್ನು ತಾವೇ ಕೈಗೆತ್ತಿಕೊಳ್ಳಬಹುದು. ಈ ಕೊನೆಯ ಅಧಿಕಾರ ಬಂದದ್ದು 2008ರಲ್ಲಿ.

ನಂತರ ಹೆಸರು, ಸರ್ವೆ ನಂಬರ್ ಅಳಿಸಿದ ಹಳೆಯ ನೀಲಿನಕ್ಷೆಗಳನ್ನು ಮೇಜಿನ ಮೇಲೆ ಹರಡಿ ವಿಂಗಡಿಸಲು ಹೇಳಿದೆ. ಕಲಬುರಗಿ ಕೋಟೆಗೆ ಹತ್ತಿರವಿದ್ದವನ್ನು ಮೊದಲೇ ಬದಿಗಿಟ್ಟಿದ್ದೆ, ಏಕೆಂದರೆ ಅಲ್ಲಿ 100 ಮೀಟರ್ ನಿಷೇಧಿತ, ಮುಂದಿನ 200 ಮೀಟರ್ ನಿಯಂತ್ರಿತ ಪ್ರದೇಶವಾಗಿದ್ದು, ಅದು ಪುರಾತತ್ವ ಕಾನೂನಿನ ಮಾತು. ಉಳಿದವುಗಳಲ್ಲಿ ಲಂಡನ್ನಿನ ಅಳತೆ ಒಂದನ್ನೂ ಮೇಲಕ್ಕೆ ಕಳಿಸಲಿಲ್ಲ. ಎತ್ತರದ ಮಿತಿಯನ್ನು ಅರ್ಧಕ್ಕಿಳಿಸಿ 15 ಮೀಟರ್ ಮಾಡಿದೆ. ರಿಂಗ್ ರಸ್ತೆಯ ಬದಿಯ ಒಂದು ಫಂಕ್ಷನ್ ಹಾಲ್ ಆಗಲೂ ವಾರ್ಡ್ ಗುಂಪಿನಲ್ಲೇ ಉಳಿಯಿತು.

ಅದು ಬರೀ ಎರಡಂತಸ್ತು. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಸರಿ, ಮುಂದೆ ಶಹಾಬಾದ್ ಫರಶಿ ಹಾಸಿದ ಅಂಗಳ. ಆದರೆ ನಕ್ಷೆಯಲ್ಲಿ ಪಾರ್ಕಿಂಗ್ ಎಂದು ಬರೆದ ಜಾಗ ಮದುವೆಯ ದಿನ ಬರುವ ವಾಹನಗಳಿಗೆ ಸಾಲುವಂತಿರಲಿಲ್ಲ, ಮಳೆನೀರು ಹಿಂದಿನ ನಾಲಾ ಸೇರಿ ಪಕ್ಕದ ವಾರ್ಡಿಗೆ ಇಳಿಯುತ್ತಿತ್ತು. ಆ ಪಕ್ಕದ ವಾರ್ಡಿನ ಒಬ್ಬ ಅಮ್ಮ ನಕ್ಷೆಯ ಮೇಲೆ ಬೆರಳಿಟ್ಟು, “ಸಾಹೇಬ್ರ, ಪರವಾನಗಿ ಅವರು ಕೊಡ್ತಾರ, ನೀರು ನಮ್ಮ ಓಣ್ಯಾಗ ಬರ್ತದ್ರಿ” ಎಂದರು. ಎತ್ತರವನ್ನು ಅಳತೆಯಾಗಿ ಆರಿಸಿದ್ದು ನನ್ನ ತಪ್ಪು. ಪರಿಣಾಮ ಎಲ್ಲಿಯವರೆಗೆ ಹೋಗುತ್ತದೆ ಎಂದು ಕೇಳಬೇಕಿತ್ತು.

ಎರಡನೆಯ ದಿನ ಹಾಗೆಯೇ ಕೇಳಿದೆವು. ಫಲಿತಾಂಶ ಇನ್ನೂ ಕೆಟ್ಟಿತು: ಪ್ರತಿ ಮನೆಯ ನೀರೂ ಯಾವುದೋ ನಾಲಾ ಸೇರುವುದರಿಂದ ಎಲ್ಲ ಕಡತಗಳೂ ಮೇಯರ್ ಮೇಜಿಗೆ ಹೋಗಿ ಬಿದ್ದವು. ಕಡೆಗೆ ಒಂದು ಷರತ್ತು ಸೇರಿಸಿದೆವು. ಬಾಧಿತ ವಾರ್ಡ್ ಲಿಖಿತವಾಗಿ ಕೇಳಿದರೆ ಮಾತ್ರ ಕಡತ ಮೇಲಕ್ಕೆ ಹೋಗಬೇಕು. 14 ದಿನಗಳಲ್ಲಿ ಮೇಯರ್ ಕಡೆಯಿಂದ ಕಾರಣಸಹಿತ ಉತ್ತರ ಬಾರದಿದ್ದರೆ ಮೂಲ ವಾರ್ಡಿನ ತೀರ್ಮಾನವೇ ನಿಲ್ಲಬೇಕು. ಆಗ ಮೇಲಕ್ಕೆ ಹೋದದ್ದು ಫಂಕ್ಷನ್ ಹಾಲ್ ಒಂದೇ. ಅದರಲ್ಲೂ ಮೇಯರ್ ಪಾತ್ರ ವಹಿಸಿದವರು ನಾಲಾ ಮತ್ತು ಪಾರ್ಕಿಂಗ್ ಬಿಟ್ಟು ಬೇರೆ ವಿಷಯಕ್ಕೆ ಕೈಹಾಕಬಾರದೆಂದು ಆ ಅಮ್ಮನೇ ಪಟ್ಟು ಹಿಡಿದು ಬರೆಸಿದರು.