ಕೆಲಸದ ಜಾಗದಲ್ಲಿ ಅಪಾಯ, ಪೆಟ್ಟು, ತಕರಾರು: ಮಂಗಳೂರಿಗೆ ಹೊಸದಾಗಿ ಬಂದವರಿಗೆ

ಘಟ್ಟದ ಮೇಲಿಂದ ಬಂದ ನಮ್ಮವರಲ್ಲಿ ಒಂದು ರೂಢಿ ಇದೆ. ಏನೇ ತಕರಾರಾದರೂ ಮೇಸ್ತ್ರಿ ಹತ್ತಿರ ಓಡುವುದು. ಅವನು ನಮ್ಮೂರಿನವನು, ಸಂಬಂಧಿಕ ಬೇರೆ. ಆದರೆ ಅವನಿಗೆ ದುಡ್ಡು ಬರುವುದು ಕಂಟ್ರಾಕ್ಟರ್ ಕೈಯಿಂದ, ಅಲ್ವಾ? ಈ ಊರಿನ ಎಷ್ಟೋ ಬಿಲ್ಡಿಂಗು ಎದ್ದಿದ್ದು ನಮ್ಮವರ ಬೆವರಿನಿಂದ. ಬೀಳದಂತೆ ಕಟ್ಟಿಕೊಳ್ಳುವ ಬೆಲ್ಟ್ ಕೊಡಿ ಅಂತ ಕೇಳಲು ಮಾತ್ರ ಸಂಕೋಚ!

ಎಲ್ಲಿಗೆ ಹೋಗಬೇಕು

- ಬೈಕಂಪಾಡಿಯಂಥ ಕಡೆ ಫ್ಯಾಕ್ಟರಿ ಕೆಲಸ: ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆ. ಮಂಗಳೂರಿನಲ್ಲೇ ಕಚೇರಿ ಇದೆ.
- ಕಟ್ಟಡ, ಅಂಗಡಿ, ಹೋಟೆಲು: ಕಾರ್ಮಿಕ ಇಲಾಖೆ. ಸಹಾಯವಾಣಿ 155214.
- ಪಣಂಬೂರು ಬಂದರಿನ ಒಳಗೆ: ಅದು ಕೇಂದ್ರ ಸರ್ಕಾರದ ಲೆಕ್ಕ.
- ಪುಕ್ಕಟೆ ವಕೀಲರು: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, 15100.

ಅಪಾಯ ಕಂಡಾಗ

2022ರ ಏಪ್ರಿಲ್‌ನಲ್ಲಿ ಬಜಪೆ ಕಡೆಯ ಮೀನು ಸಂಸ್ಕರಣಾ ಘಟಕವೊಂದರಲ್ಲಿ ಐವರು ಸತ್ತರು. ತೊಟ್ಟಿಯೊಳಗೆ ಬಿದ್ದವನನ್ನು ಎತ್ತಲು ಹೋದವರೂ ಅದರಲ್ಲಿದ್ದರು. ವಿಷಗಾಳಿ ಕಣ್ಣಿಗೆ ಕಾಣುವುದಿಲ್ಲ. ಜೀವಕ್ಕೆ ಅಪಾಯ ಅನ್ನಿಸಿದರೆ ಮಾಲೀಕರಿಗೂ ಇನ್‌ಸ್ಪೆಕ್ಟರ್‌ಗೂ (ಪೊಲೀಸ್ ಅಲ್ಲ, ಕಾರ್ಖಾನೆ ಇಲಾಖೆಯವರು) ಒಟ್ಟಿಗೇ ತಿಳಿಸಬಹುದು. ಮಾಲೀಕರು ಒಪ್ಪದಿದ್ದರೆ ಇನ್‌ಸ್ಪೆಕ್ಟರ್ ಹೇಳಿದ್ದೇ ಕೊನೆ. ಫ್ಯಾಕ್ಟರಿ ದೂರು ಯಾರು ಕೊಟ್ಟರು ಅಂತ ಇನ್‌ಸ್ಪೆಕ್ಟರ್ ಬಾಯಿ ಬಿಡುವಂತಿಲ್ಲ. ಆದರೂ ಆರು ಜನ ಇರುವ ಕಡೆ ಊಹಿಸುವುದು ಕಷ್ಟವಲ್ಲ. ಅದಕ್ಕೇ ನಾಲ್ಕು ಜನ ಸೇರಿ ಸಹಿ ಹಾಕಿ. ಬಾಯಿಮಾತು ಬೇಡ. ಯಾವ ಮೆಷಿನ್ನು, ಏನು ಕೊರತೆ, ಯಾವ ದಿನ ಹೇಳಿದಿರಿ, ಎಲ್ಲಾ ಬರೆಯಿರಿ. ಒಂದು ಪ್ರತಿಗೆ ಕಚೇರಿಯ ಸೀಲು ಹಾಕಿಸಿಕೊಳ್ಳಿ. ಅರ್ಜಿ ಕನ್ನಡದಲ್ಲೇ ಇರಲಿ, ಮುರುಕು ಇಂಗ್ಲಿಷ್ ಯಾಕೆ?

ಪೆಟ್ಟಾದಾಗ (ಇದನ್ನು ಎರಡು ಸಲ ಓದಿ)

ಆಸ್ಪತ್ರೆ ಬಾಗಿಲಲ್ಲೇ ಸೂಪರ್‌ವೈಸರ್ ಕಿವಿಯಲ್ಲಿ ಹೇಳುತ್ತಾನೆ: "ಬಾತ್‌ರೂಮಲ್ಲಿ ಜಾರಿ ಬಿದ್ದೆ ಅನ್ನು, ಖರ್ಚು ನಾನು ನೋಡ್ಕೋತೀನಿ." ನನ್ನ ತಮ್ಮ ಹಾಗೇ ಹೇಳಿದ. ಚೀಟಿಯಲ್ಲಿ "ಮನೆಯಲ್ಲಿ ಬಿದ್ದದ್ದು" ಅಂತ ಬಿತ್ತು. ಪ್ಲಾಸ್ಟರ್ ಹಾಕುವವರೆಗೆ ದುಡ್ಡು ಬಂತು, ಆಮೇಲೆ ಫೋನು ಸ್ವಿಚ್ ಆಫ್. ಆ ಚೀಟಿ ಇಟ್ಟುಕೊಂಡು ಯಾರ ಮುಂದೆ ವಾದ ಮಾಡುವುದು? ಸರ್ಕಾರಿ ಆಸ್ಪತ್ರೆ ವೆನ್ಲಾಕ್ ಆಗಲಿ, ಖಾಸಗಿ ಆಗಲಿ, ಕೆಲಸದ ಜಾಗ, ಹೊತ್ತು, ಪೆಟ್ಟಾದ ರೀತಿ ಇದ್ದದ್ದು ಇದ್ದ ಹಾಗೆ ಹೇಳಿ. ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ ಆಸ್ಪತ್ರೆ ದಾಖಲೆ) ಮಾಡಿಸಿ ಅಂತ ನೀವೇ ಕೇಳಿ. ಖಾಲಿ ಹಾಳೆಗೆ ಸಹಿ, ಹೆಬ್ಬೆಟ್ಟು ಎರಡೂ ಬೇಡ.

ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಹಿಡಿಯುತ್ತಾರಾ? ನಿಮ್ಮ ಪಾಲು ನೂರಕ್ಕೆ 75 ಪೈಸೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಪೆಟ್ಟಾದರೂ ಸೌಲಭ್ಯ ಇದೆ. ಆಸ್ಪತ್ರೆ ಕದ್ರಿ ಶಿವಭಾಗ್‌ನಲ್ಲಿ. ಇಎಸ್‌ಐ ಇಲ್ಲದವರು ಮಾಲೀಕರಿಂದ ಪರಿಹಾರ ಕೇಳಲು 2 ವರ್ಷದೊಳಗೆ ಅರ್ಜಿ ಹಾಕಬೇಕು. ಜಾತ್ರೆ ಮುಗಿಸಿಕೊಂಡು ಬಂದು ನೋಡೋಣ ಅಂತ ಸುಮ್ನೆ ಊರಿಗೆ ಹೋಗಿ ಕೂರಬೇಡಿ.

ಉಡುಪಿಯವರಿಗೆ

ಜಿಲ್ಲಾ ಕಚೇರಿಗಳು ಮಣಿಪಾಲದ ರಜತಾದ್ರಿಯಲ್ಲಿ. ಸಹಾಯವಾಣಿ ಅವೇ.

ಅರ್ಜಿ ಬರೆಯಲು ಬಾರದವರು ಭಾನುವಾರ ನಮ್ಮ ಸಂಘಕ್ಕೆ ಬನ್ನಿ. ಆಧಾರ್, ಹಾಜರಿ ಪುಸ್ತಕದ ಫೋಟೊ, ಆಸ್ಪತ್ರೆ ಚೀಟಿ ತನ್ನಿ. ಕುಡಿದು ಬಂದರೆ ಬರೆದುಕೊಡುವುದಿಲ್ಲ.