ಕಾಣಿಕೆ ಕೇಳುವ ಮೊದಲು ಲೆಕ್ಕ ಕೊಟ್ಟೆವು

ನಮ್ಮದು ಚಿಕ್ಕಮಗಳೂರು ಜಿಲ್ಲೆಯ ಕಾಫಿ ಸೀಮೆಯ ಸಣ್ಣ ಕಥೋಲಿಕ ಧರ್ಮಕೇಂದ್ರ, ಅಂದರೆ ಒಂದು ಚರ್ಚು ಮತ್ತು ಅದಕ್ಕೆ ಸೇರಿದ ಮನೆಗಳು. ಸುಮಾರು 140 ಕುಟುಂಬ. ಕೆಲವರಿಗೆ ಸ್ವಂತ ತೋಟ ಇದೆ. ಅವರ ಅಜ್ಜ ಮುತ್ತಜ್ಜಂದಿರು ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದವರು, ಮನೆಯಲ್ಲಿ ಕೊಂಕಣಿ ಮಾತು. ಹೆಚ್ಚಿನವರು ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರಿಗೆ ಕಟ್ಟಿದ ಸಾಲು ಮನೆಗಳಲ್ಲಿ, ಇರುವವರು. ಅವರ ಮನೆಮಾತು ಕನ್ನಡ ಅಥವಾ ತಮಿಳು. ಪೂಜೆ ಮಾತ್ರ ಎಲ್ಲರಿಗೂ ಕನ್ನಡದಲ್ಲೇ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಿಯಾದವಳು. ಆರು ವರ್ಷದ ಹಿಂದೆ, ಧರ್ಮಕೇಂದ್ರದ ಕೆಲಸಗಳಲ್ಲಿ ಫಾದರ್‌ಗೆ ನೆರವಾಗುವ ಪಾಲನಾ ಪರಿಷತ್ತಿನ ಕಾರ್ಯದರ್ಶಿಯಾದೆ.

ಆ ವರ್ಷವೇ ನಮ್ಮ ಫಾದರ್ ಒಂದು ಕಟ್ಟು ಕಾಗದ ಕೈಗೆ ಕೊಟ್ಟು, "ಟೀಚರ್, ಇದನ್ನು ಓದಿ. ನಮ್ಮಲ್ಲಿ ಆಗುತ್ತದಾ ನೋಡಿ" ಅಂದರು. ಅದು ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾ ಧರ್ಮಪ್ರಾಂತ್ಯದ, ಅಂದರೆ ಒಬ್ಬ ಬಿಷಪರ ಕೈಕೆಳಗಿನ ಹಲವು ಧರ್ಮಕೇಂದ್ರಗಳ, ಕಥೆ. ಅಲ್ಲಿ 1968ರಲ್ಲಿ ಮಾನ್ಸಿಞೊರ್ ಥಾಮಸ್ ಮೆಕ್‌ಗ್ರೆಡ್ ಎಂಬ ಗುರುಗಳು ಅಸ್ಸಿಸಿಯ ಸಂತ ಫ್ರಾನ್ಸಿಸ್ ಧರ್ಮಕೇಂದ್ರಕ್ಕೆ ಬಂದರು. ದೇವರು ಕೊಟ್ಟ ಸಮಯ, ಪ್ರತಿಭೆ, ಸಂಪತ್ತು ಮೂರರಲ್ಲೂ ಮೊದಲ ಪಾಲನ್ನು ಹಿಂದಿರುಗಿಸಿ ಎಂದು ವರ್ಷಗಟ್ಟಲೆ ಜನರಿಗೆ ಕಲಿಸಿದರು. ಇಂಗ್ಲಿಷಿನಲ್ಲಿ ಇದಕ್ಕೆ ಸ್ಟೀವರ್ಡ್‌ಶಿಪ್ ಅನ್ನುತ್ತಾರೆ. ಧರ್ಮಕೇಂದ್ರದ ಮಕ್ಕಳು ಬೋಧನಾ ಶುಲ್ಕ ಇಲ್ಲದೆ ಕಥೋಲಿಕ ಶಾಲೆಯಲ್ಲಿ ಓದುವಂತಾಯಿತು. 1985ರಲ್ಲಿ ಇಡೀ ಧರ್ಮಪ್ರಾಂತ್ಯ ಇದೇ ದಾರಿ ಹಿಡಿಯಿತು. 1992ರಲ್ಲಿ ಅಮೆರಿಕದ ಬಿಷಪರೆಲ್ಲ ಸೇರಿ ಇದರ ಬಗ್ಗೆಯೇ ಒಂದು ಪಾಲನಾ ಪತ್ರ ಹೊರಡಿಸಿದರು.

ಓದಿ ನನಗೆ ತುಂಬಾ ಉತ್ಸಾಹ ಬಂತು. ಆ ಉತ್ಸಾಹದಲ್ಲೇ ಮೊದಲ ತಪ್ಪು ಮಾಡಿದೆ.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಒಂದು ಭಾನುವಾರ ಪೂಜೆಯ ಕೊನೆಗೆ ಎದ್ದು ನಿಂತು ಮಾತಾಡಿದೆ. ಆದಾಯದ ಹತ್ತರಲ್ಲೊಂದು ಪಾಲನ್ನು ದೇವರಿಗೆ ಕೊಡುವ ದಶಾಂಶ ಎಂದರೇನು, ಎಷ್ಟು ಕೊಡಬೇಕು, ತಿಂಗಳಿಗೆ ಹೇಗೆ ಲೆಕ್ಕ ಹಾಕಬೇಕು ಅಂತ ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದೆ. ಜನ ಸುಮ್ನೆ ಕೇಳಿದರು. ಹೊರಗೆ ಬಂದಾಗ ಲೈನ್ ಮನೆಯ ಒಬ್ಬ ತಾಯಿ ನನ್ನ ಹತ್ತಿರ ಬಂದರು. "ಟೀಚರಮ್ಮ, ನಮಗೆ ತಿಂಗಳ ಸಂಬಳ ಎಲ್ಲಿದೆ? ವಾರಕ್ಕೊಂದು ಬಟವಾಡೆ. ಮಳೆ ಹಿಡಿದು ಕೆಲಸ ನಿಂತರೆ ಅದೂ ಇಲ್ಲ. ನಾವು ಕೊಡಲ್ಲ ಅಂತ ಅಲ್ಲ. ಆದರೆ ಹೋದ ಸಲ ಚರ್ಚಿನ ಮಾಡು ರಿಪೇರಿಗೆ ಅಂತ ಮನೆಮನೆಯಲ್ಲಿ ತಗೊಂಡ್ರಲ್ಲ, ಅದು ಏನಾಯ್ತು?"

ನನಗೆ ಉತ್ತರ ಗೊತ್ತಿರಲಿಲ್ಲ. ಪರಿಷತ್ತಿನ ಕಾರ್ಯದರ್ಶಿಗೇ ಗೊತ್ತಿಲ್ಲ ಅಂದರೆ ಇನ್ನು ಯಾರಿಗೆ ಗೊತ್ತಿರುತ್ತದೆ? ಹಳೆಯ ಪುಸ್ತಕ ತೆಗೆಸಿ ಕೂತೆ. ಯಾರೂ ಹಣ ತಿಂದಿರಲಿಲ್ಲ. ಮಾಡಿಗೆ, ಅಂದರೆ ಚಾವಣಿಗೆ, ಅಂತ ತೆಗೆದುಕೊಂಡಿದ್ದರಲ್ಲಿ ಅರ್ಧ ಹಣ ಬಾವಿಯ ಮೋಟಾರು ಕೆಟ್ಟಾಗ ಅದಕ್ಕೆ ಹೋಗಿತ್ತು. ಅಗತ್ಯದ ಖರ್ಚೇ. ಆದರೆ ಕೊಟ್ಟವರಿಗೆ ಯಾರೂ ಹೇಳಿರಲಿಲ್ಲ. ಮಳೆಗಾಲದಲ್ಲಿ ಅದೇ ಮಾಡು ಸೋರಿದಾಗ ಜನರಿಗೆ ಏನು ಅನ್ನಿಸಿರಬೇಡ!

ಆಮೇಲೆ ಧರ್ಮಸಭೆಯ ಕಾನೂನು ಸಂಹಿತೆಯನ್ನು ತೆಗೆದು ನೋಡಿದೆ. 1983ರದ್ದು. ಒಂದು ಉದ್ದೇಶಕ್ಕೆ ಅಂತ ಕೊಟ್ಟ ಕಾಣಿಕೆಯನ್ನು ಅದಕ್ಕೇ ಬಳಸಬೇಕು ಎನ್ನುತ್ತದೆ 1267ನೇ ನಿಯಮ. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಕೊಡಬೇಕು ಎನ್ನುತ್ತದೆ 1287. ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು ಎನ್ನುವುದು 537. ನಾವು 222ನೇ ನಿಯಮವನ್ನು ಮಾತ್ರ ಜನರಿಗೆ ನೆನಪಿಸುತ್ತಿದ್ದೆವು. ಧರ್ಮಸಭೆಯ ಅಗತ್ಯಗಳಿಗೆ ನೆರವಾಗುವುದು ಭಕ್ತರ ಕರ್ತವ್ಯ ಎಂದು ಹೇಳುವ ನಿಯಮ ಅದು. ನಮ್ಮ ಪಾಲಿನ ಕರ್ತವ್ಯ ಮಾಡದೆ ಅವರ ಪಾಲಿನದನ್ನು ಕೇಳಿದ್ದೆವು.

ಆ ವರ್ಷ ಹಣ ಕೇಳುವುದನ್ನು ಪೂರ್ತಿ ನಿಲ್ಲಿಸಿದೆವು. ಪರಿಷತ್ತಿನಲ್ಲಿ ಇದಕ್ಕೆ ವಿರೋಧವೂ ಬಂತು. "ವಂತಿಗೆಯೂ ನಿಂತರೆ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ?" ಅಂತ ಹಿರಿಯರೊಬ್ಬರು ಬೇಸರಪಟ್ಟರು. ವಂತಿಗೆ ಅದರ ಪಾಡಿಗೆ ಇರಲಿ, ಹೊಸದಾಗಿ ಏನೂ ಕೇಳುವುದು ಬೇಡ, ಮೊದಲು ಲೆಕ್ಕ ಕೊಡೋಣ ಅಂತ ಫಾದರ್ ತೀರ್ಮಾನ ಮಾಡಿದರು. ಆ ತೀರ್ಮಾನಕ್ಕೆ ಅವರಿಗೆ ನಾನು ಇವತ್ತಿಗೂ ಋಣಿ.

ಲೆಕ್ಕ ಕೊಡುವುದರಲ್ಲೂ ಒಂದು ವಿಷಯ ಕಲಿತೆ. ಆಡಿಟರ್ ಬರೆದುಕೊಟ್ಟ ಹಾಳೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರೆ ಯಾರೂ ಓದುವುದಿಲ್ಲ. ಅಷ್ಟೇಕೆ, ಓದಿದವರಿಗೂ ಅರ್ಥ ಆಗುವುದಿಲ್ಲ. ನಾನು ದೊಡ್ಡ ಡ್ರಾಯಿಂಗ್ ಶೀಟ್ ತಂದು, ಖರ್ಚನ್ನೆಲ್ಲ ಮನೆಯ ಖರ್ಚಿನ ಹಾಗೆ ಬರೆದೆ. ಕರೆಂಟು ಇಷ್ಟು, ಮೇಣದಬತ್ತಿ ಇಷ್ಟು, ಫಾದರ್ ಊಟಕ್ಕೆ ಇಷ್ಟು, ಬಡವರ ಔಷಧಿಗೆ ಇಷ್ಟು, ಬಾವಿ ಮೋಟಾರಿಗೆ ಇಷ್ಟು. ಮಾಡಿನ ಹಣದ ವಿಷಯವನ್ನೂ ಇದ್ದ ಹಾಗೇ ಬರೆದೆವು. ಪೂಜೆ ಮುಗಿದ ಮೇಲೆ ಫಾದರ್ ಅದನ್ನು ಓದಿ ಹೇಳಿ, ಮುಂಚೆಯೇ ತಿಳಿಸದೆ ಇದ್ದದ್ದಕ್ಕೆ ಕ್ಷಮೆ ಕೇಳಿದರು. ಚರ್ಚಿನಲ್ಲಿ ಅಷ್ಟು ಮೌನ ನಾನು ಶುಭ ಶುಕ್ರವಾರ ಬಿಟ್ಟರೆ ಬೇರೆ ದಿನ ಕಂಡಿಲ್ಲ.

ಇನ್ನೊಂದು ತೊಡಕು ಪದದ್ದು. ಸ್ಟೀವರ್ಡ್‌ಶಿಪ್ ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನೋಣ? ಮೊದಲು "ಮೇಲ್ವಿಚಾರಣೆ" ಅಂದೆ. ಯಾರು ಯಾರ ಮೇಲೆ ಅಂತ ಕೇಳಿದರು. "ಉಸ್ತುವಾರಿ" ಅಂದರೆ ಮಂತ್ರಿಗಳ ನೆನಪು. "ಪಾರುಪತ್ಯ" ಹಳೆಯ ಚೆಂದದ ಮಾತು, ಆದರೆ ಹುಡುಗರಿಗೆ ಗೊತ್ತಿಲ್ಲ. ಕೊನೆಗೆ ದಾರಿ ತೋರಿಸಿದವರು ನಮ್ಮ ವಾರ್ಡಿನ, ಅಂದರೆ ಧರ್ಮಕೇಂದ್ರದಲ್ಲಿ ನಮ್ಮ ಅಕ್ಕಪಕ್ಕದ ಮನೆಗಳ ಗುಂಪಿನ, ಹಿರಿಯರೊಬ್ಬರು. ಮೂವತ್ತು ವರ್ಷ ಒಂದೇ ತೋಟದಲ್ಲಿ ರೈಟರ್ ಆಗಿದ್ದವರು. ವಾರ್ಡಿನ ಸಭೆಯಲ್ಲಿ ಅವರು ಹೇಳಿದ್ದು ಇಷ್ಟು: "ತೋಟ ಸಾಹುಕಾರರದ್ದು. ಅವರಿರುವುದು ಬೆಂಗಳೂರಲ್ಲಿ. ಗಿಡ ಕಸಿ ಮಾಡುವುದು, ಗೊಬ್ಬರ ಹಾಕಿಸುವುದು, ಆಳುಗಳಿಗೆ ಬಟವಾಡೆ ಮಾಡುವುದು ಎಲ್ಲ ನಾನೇ. ನನ್ನದೇ ತೋಟ ಅನ್ನೋ ಹಾಗೆ ನೋಡಿಕೊಂಡೆ. ಆದರೆ ನನ್ನದಲ್ಲ ಅನ್ನೋದು ಒಂದು ದಿನಾನೂ ಮರೀಲಿಲ್ಲ. ಸಾಹುಕಾರರು ಬಂದ ದಿನ ಪುಸ್ತಕ ಮುಂದಿಡುತ್ತಿದ್ದೆ."

ಅವತ್ತಿನಿಂದ ನಾವು "ನೋಡಿಕೊಳ್ಳುವವರು" ಅಂತಲೇ ಹೇಳುತ್ತೇವೆ. ಪೇತ್ರನ ಮೊದಲ ಪತ್ರದ ನಾಲ್ಕನೇ ಅಧ್ಯಾಯದಲ್ಲಿ, ದೇವರಿಂದ ಪಡೆದ ವರವನ್ನು ಒಬ್ಬರಿಗೊಬ್ಬರ ಸೇವೆಗೆ ಬಳಸಿ ಅನ್ನುವ ಮಾತಿದೆ. ಅದನ್ನು ಓದಿ, ರೈಟರ್ ಕೆಲಸ ಅಂದರೆ ಸಾಕು. ಕಾಫಿ ಸೀಮೆಯಲ್ಲಿ ಬೇರೆ ವಿವರಣೆ ಬೇಡ.

ಎರಡನೇ ವರ್ಷ ಮನೆ ಭೇಟಿ ಶುರು ಮಾಡಿದೆವು. ಇದಕ್ಕೆ ಕಾಲ ನೋಡಿಕೊಳ್ಳಬೇಕು. ತಪಸ್ಸುಕಾಲದಲ್ಲಿ ನಮ್ಮಲ್ಲಿ ರೊಬಸ್ಟಾ ಕೊಯ್ಲು, ಕಾಳುಮೆಣಸಿನ ಕೆಲಸ. ಯಾರೂ ಮನೆಯಲ್ಲಿ ಇರುವುದಿಲ್ಲ. ಈಸ್ಟರ್ ಕಳೆದ ಮೇಲೆ, ಮಳೆ ಹಿಡಿಯುವ ಮುಂಚಿನ ದಿನಗಳೇ ಸರಿ. ತೋಟದವರು ಕಾಫಿ ಮಾರಿ ಮುಗಿಸಿರುತ್ತಾರೆ, ಲೈನ್ ಮನೆಯವರಿಗೂ ಸಂಜೆ ಸ್ವಲ್ಪ ಬಿಡುವು. ಇಬ್ಬಿಬ್ಬರಾಗಿ ಹೋದೆವು. ತೋಟದವರ ಮನೆಗೆ ಲೈನ್ ಮನೆಯವರೊಬ್ಬರು, ಲೈನ್ ಮನೆಗೆ ತೋಟದವರೊಬ್ಬರು ಇರುವ ಹಾಗೆ ಜೋಡಿ ಮಾಡಿದ್ದೆವು. ಒಂದೇ ಬೆಂಚಿನಲ್ಲಿ ಕೂತು ಪೂಜೆ ಕೇಳಿದವರು ಒಬ್ಬರ ಮನೆಯಲ್ಲಿ ಒಬ್ಬರು ಕಾಫಿ ಕುಡಿದದ್ದು ಅದೇ ಮೊದಲು. ನಾವು ಮಾಡಿದ ಕೆಲಸಗಳಲ್ಲಿ ಇದೊಂದೇ ಉಳಿದರೂ ಸಾಕು ಅಂತ ನನಗೆ ಅನ್ನಿಸುತ್ತದೆ.

ಕೇಳಿದ್ದು ಒಂದೇ ಪ್ರಶ್ನೆ: ನಿಮಗೆ ಏನು ಚೆನ್ನಾಗಿ ಬರುತ್ತದೆ? ಕಾರ್ಡಿನಲ್ಲಿ ಬರೆದುಕೊಂಡೆವು. ಟೈಲರಿಂಗ್, ಗಾರೆ ಕೆಲಸ, ವೈರಿಂಗ್, ಹಾಡು, ಅಡಿಗೆ, ರೋಗಿಗಳ ಹತ್ತಿರ ಕೂತು ಮಾತಾಡುವುದು. "ನನಗೆ ಏನೂ ಬರಲ್ಲ" ಅಂದವರು ತುಂಬಾ ಜನ. ಅವರ ಹತ್ತಿರ ಜಾಸ್ತಿ ಹೊತ್ತು ಕೂತೆವು. ಹಾಗೆ ಅಂದ ಒಬ್ಬ ಅಜ್ಜಿಗೆ ಸಿಮಿಟ್ರಿಯ ಪ್ರತಿ ಸಮಾಧಿಯೂ ಯಾರದ್ದು, ಯಾವ ವರ್ಷದ್ದು ಅಂತ ಬಾಯಿಪಾಠ ಇತ್ತು. ಅವರು ಹೇಳಿದ್ದನ್ನು ಒಬ್ಬ ಹುಡುಗ ಬರೆದುಕೊಂಡು ನಕ್ಷೆ ಮಾಡಿದ. ನಮ್ಮ ಸಿಮಿಟ್ರಿಗೆ ಈಗ ಒಂದು ರಿಜಿಸ್ಟರ್ ಇದೆ.

ಇಲ್ಲಿ ಒಂದು ಎಚ್ಚರಿಕೆ. ಬೇರೆ ಧರ್ಮಕೇಂದ್ರಗಳವರು ಕೇಳಿದಾಗಲೆಲ್ಲ ಇದನ್ನೇ ಒತ್ತಿ ಹೇಳುತ್ತೇನೆ. ಕಾರ್ಡು ತುಂಬಿಸಿಕೊಂಡ ಮೇಲೆ ಕರೆಯಲೇಬೇಕು. ಕಾರ್ಡು ಶುರು ಮಾಡಿದ ವರ್ಷ ನಾವು ಅವನ್ನು ಕಪಾಟಿನಲ್ಲಿಟ್ಟು ಐದು ತಿಂಗಳು ಸುಮ್ಮನಿದ್ದೆವು. ವೈರಿಂಗ್ ಬರುತ್ತದೆ ಅಂತ ಬರೆಸಿದ್ದ ಯುವಕ, ಚರ್ಚಿಗೆ ಹೊರಗಿನ ಎಲೆಕ್ಟ್ರಿಷಿಯನ್ ಬಂದದ್ದನ್ನು ನೋಡಿ ನೊಂದುಕೊಂಡ. ಅವನ ಮನೆಗೆ ಹೋಗಿ ಮಾತಾಡಿಸಿ ಕರೆತರಲು ಮೂರು ಸಲ ಹೋಗಬೇಕಾಯಿತು. ಈಗ ಒಂದು ತಿಂಗಳ ಒಳಗೆ ಪ್ರತಿ ಕಾರ್ಡಿನವರಿಗೂ ಫೋನ್ ಹೋಗುತ್ತದೆ. ಕೆಲಸ ಇಲ್ಲದಿದ್ದರೆ ಇಲ್ಲ ಅಂತಲಾದರೂ ತಿಳಿಸುತ್ತೇವೆ.

ಹಣದ ಮಾತು ಬಂದದ್ದು ಮೂರನೇ ವರ್ಷ. ತಿಂಗಳಿಗೆ ಇಷ್ಟು ಅನ್ನುವ ಪದ್ಧತಿ ನಮಗೆ ಹೊಂದುವುದಿಲ್ಲ. ತೋಟದವರ ಕೈಗೆ ಹಣ ಬರುವುದು ವರ್ಷಕ್ಕೊಮ್ಮೆ. ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆ ಸರಿಯಾದ ಹೊತ್ತಿಗೆ ಬಿದ್ದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಕೂಲಿಯವರ ಕೈಗೆ ವಾರಕ್ಕೊಮ್ಮೆ. ಅದಕ್ಕೇ ಎರಡು ದಾರಿ ಇಟ್ಟೆವು. ತೋಟದವರು ಕಾಫಿ ಮಾರಿದ ಮೇಲೆ ಒಂದು ಸಲ, ಬೆಳೆಗೆ ತಕ್ಕ ಹಾಗೆ. ಕೂಲಿಯವರು ಬಟವಾಡೆಯ ವಾರಗಳಲ್ಲಿ ತಮ್ಮ ಮನಸ್ಸಿಗೆ ಬಂದಷ್ಟು, ಕವರಿನಲ್ಲಿ, ಹೆಸರಿಲ್ಲದೆ. ಕೆಲಸ ಇಲ್ಲದ ವಾರ ಖಾಲಿ ಕವರ್ ಹಾಕಬಹುದು. ಹಾಕಿದವರೂ ಇದ್ದಾರೆ, ಒಳಗೆ ಚೀಟಿಯಲ್ಲಿ "ಈ ವಾರ ಪ್ರಾರ್ಥನೆ ಮಾತ್ರ" ಅಂತ ಬರೆದು.

ತನ್ನಲ್ಲಿದ್ದ ಎರಡೇ ಕಾಸನ್ನೂ ಕಾಣಿಕೆಗೆ ಹಾಕಿದ ಬಡ ವಿಧವೆಯ ಕಥೆಯನ್ನು ಈ ಸಂದರ್ಭದಲ್ಲಿ ಹೇಳುವುದು ರೂಢಿ. ಮಾರ್ಕನ ಸುವಾರ್ತೆಯ 12ನೇ ಅಧ್ಯಾಯ. ನಾನು ಅದನ್ನು ಬಡವರ ಮುಂದೆ ಕಾಣಿಕೆಗಾಗಿ ಓದುವುದನ್ನು ಬಿಟ್ಟಿದ್ದೇನೆ. ಆ ಕಥೆಗೆ ಸ್ವಲ್ಪ ಮೇಲೆಯೇ, ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಯೇಸು ಖಂಡಿಸುತ್ತಾರೆ. ಎರಡನ್ನೂ ಒಟ್ಟಿಗೇ ಓದಬೇಕು, ಅಲ್ವಾ? ಹಾಗೆ ಓದಿದ ಮೇಲೆ ನಮ್ಮ ಪರಿಷತ್ತು ತನ್ನ ಮನೆಯನ್ನೇ ನೋಡಿಕೊಂಡಿತು. ಚರ್ಚಿಗೆ ಎರಡು ಎಕರೆ ಕಾಫಿ ಇದೆ. ಅಲ್ಲಿ ಕೆಲಸ ಮಾಡುವವರಿಗೆ ಸುತ್ತಲಿನ ತೋಟಗಳಿಗಿಂತ ಕಡಿಮೆ ಕೂಲಿ ಕೊಡುತ್ತಿದ್ದೆವು, "ದೇವರ ಕೆಲಸ" ಅಂತ ಹೇಳಿಕೊಂಡು. ಅದನ್ನು ಸರಿ ಮಾಡಿದೆವು. ಆ ಬದಲಾವಣೆ ಮಾಡದೆ ನಾನು ಇನ್ನೊಮ್ಮೆ ಎದ್ದು ನಿಂತು ಮಾತಾಡುವ ಧೈರ್ಯ ಮಾಡುತ್ತಿರಲಿಲ್ಲ.

ಮಕ್ಕಳಿಗೆ ಕಲಿಸುವುದು ಸುಲಭ, ಯಾಕೆಂದರೆ ನಮ್ಮ ಹಿರಿಯರು ಆಗಲೇ ಕಲಿಸಿಟ್ಟಿದ್ದಾರೆ. ಸೆಪ್ಟೆಂಬರ್ 8, ಮಾತೆ ಮರಿಯಳ ಜನ್ಮದಿನ. ಒಂಬತ್ತು ದಿನ ಮಕ್ಕಳು ಹೂವು ತರುತ್ತಾರೆ. ಹಬ್ಬದ ದಿನ ಹೊಸ ತೆನೆಗೆ ಆಶೀರ್ವಾದ. ಆ ತೆನೆ ಮನೆಗೆ ಬಂದು, ಅದರ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು. ಬೆಳೆಯ ಮೊದಲ ಪಾಲು ದೇವರ ಮುಂದೆ, ಆಮೇಲೆ ಹಂಚಿ ಊಟ. ವಿಚಿಟಾದ ಕಾಗದ ಬರುವ ಎಷ್ಟೋ ಮುಂಚೆ ನಮ್ಮ ಅಜ್ಜಿಯಂದಿರಿಗೆ ಇದು ಗೊತ್ತಿತ್ತು. ಧರ್ಮೋಪದೇಶದ ತರಗತಿಯಲ್ಲಿ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಬೆಳೆ ಹಬ್ಬದ ಏಲಂನಲ್ಲಿ ಮಾತ್ರ ಒಂದು ಬದಲಾವಣೆ ತಂದೆವು. ಕುಂಬಳಕಾಯಿ, ಬಾಳೆಗೊನೆ, ಕೋಳಿಗೆ ಕೂಗಿ ಕೂಗಿ ಬೆಲೆ ಏರಿಸುವುದು ಸಂಭ್ರಮವೇ. ಆದರೆ ಒಂದು ವರ್ಷ ಒಬ್ಬಾಕೆ ತಂದ ಕೆಸುವಿನ ಸೊಪ್ಪಿನ ಕಟ್ಟಿಗೆ ಯಾರೂ ಕೂಗಲಿಲ್ಲ. ಆಕೆಯ ಮುಖ ನನ್ನ ಕಣ್ಣಿಗೆ ಕಟ್ಟಿದೆ. ಈಗ ತಂದದ್ದೆಲ್ಲ ಮೊದಲು ಬಲಿಪೀಠದ ಮುಂದೆ ಹೋಗುತ್ತದೆ. ದೊಡ್ಡವು ಏಲಂಗೆ, ಸೊಪ್ಪು ಕಾಯಿಪಲ್ಲೆ ಎಲ್ಲ ಅಡಿಗೆ ಮನೆಗೆ. ಮಧ್ಯಾಹ್ನ ಎಲ್ಲರಿಗೂ ಅದರದ್ದೇ ಊಟ. ಹೋದ ವರ್ಷ ಆಕೆಯ ಸೊಪ್ಪಿನ ಪತ್ರೊಡೆ ಮೊದಲ ಪಂಕ್ತಿಗೇ ಖಾಲಿಯಾಯಿತು.

ವಂತಿಗೆ ಹೆಚ್ಚಾಯಿತಾ ಅಂತ ಕೇಳುವವರಿದ್ದಾರೆ. ಹೆಚ್ಚಾಗಿದೆ. ಮಾಡು ರಿಪೇರಿ ಆಯಿತು, ಅದಕ್ಕೆ ಅಂತ ಬಂದ ಹಣದಲ್ಲೇ. ಹಣಕಾಸು ಸಮಿತಿಯಲ್ಲಿ ಈಗ ಲೈನ್ ಮನೆಯ ಇಬ್ಬರಿದ್ದಾರೆ. ಒಬ್ಬರು ಅವತ್ತು ನನ್ನನ್ನು ಮಾಡಿನ ಹಣದ ಬಗ್ಗೆ ಕೇಳಿದ ಆ ತಾಯಿ. ಈ ಏಪ್ರಿಲ್‌ನಲ್ಲಿ ವರ್ಷದ ಲೆಕ್ಕ ನೋಡುವಾಗ ಅವರು ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಟೀಚರಮ್ಮ, ಜನರೇಟರಿಗೆ ಡೀಸೆಲ್ ಇಷ್ಟೊಂದು ಯಾಕೆ? ಆ ತಿಂಗಳು ಹಬ್ಬ ಇರಲಿಲ್ಲವಲ್ಲ."

ಬಿಲ್ಲುಗಳನ್ನೆಲ್ಲ ತೆಗೆದು ನೋಡಿದೆವು. ಒಂದು ಬಿಲ್ಲನ್ನು ನಾನೇ ಎರಡು ಸಲ ಬರೆದಿದ್ದೆ. ಅವರ ಕೈಯಲ್ಲೇ ಪೆನ್ನು ಕೊಟ್ಟೆ. ಆ ಸಾಲನ್ನು ಅವರೇ ಹೊಡೆದು ಹಾಕಿದರು.