ಗರಸು ನೆಲದಲ್ಲಿ ಫುಟ್‌ಬಾಲ್ ಸ್ಟಾಪರ್ ಆಟ: ನನ್ನ ಅನುಭವ

ನೀರು ಹೊಡೆದ ಹುಲ್ಲಿನ ಮೇಲೆ ಸ್ಲೈಡ್ ಟ್ಯಾಕಲ್ ಮಾಡಿದ ಡಿಫೆಂಡರ್ ನಾಲ್ಕಡಿ ಜಾರಿ, ಬಾಲ್ ಮುಟ್ಟಿ, ಅದೇ ಓಘದಲ್ಲಿ ಎದ್ದು ನಿಲ್ಲುತ್ತಾನೆ. ದಾವಣಗೆರೆ, ಚಿತ್ರದುರ್ಗದ ಕಡೆ ನಾವು ಫುಟ್‌ಬಾಲ್ ಆಡುವ ಗರಸು ನೆಲದಲ್ಲಿ, ಅಂದರೆ ಹರಳು ಬೆರೆತ ಗಟ್ಟಿ ಮಣ್ಣಿನಲ್ಲಿ, ಅದನ್ನೇ ಮಾಡಿದರೆ ಮೈ ಜಾರುವುದಿಲ್ಲ, ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಬಾಲ್ ಮುಂದೆ ಹೋಗುತ್ತದೆ, ಅದರ ಹಿಂದೆ ಫಾರ್ವರ್ಡ್ ಹೋಗುತ್ತಾನೆ, ತೊಡೆಯ ಚರ್ಮ ಕಿತ್ತುಕೊಂಡು ನಾವು ಏಳುವಷ್ಟರಲ್ಲಿ ಗೋಲ್‌ಕೀಪರ್ ಒಬ್ಬನೇ ಉಳಿದಿರುತ್ತಾನೆ. ಹಾಗಾಗಿ ನನ್ನ ಸ್ಟಾಪರ್ ಆಟ, ಅಂದರೆ ಗೋಲಿನ ಮುಂದಿನ ನಡು ಡಿಫೆಂಡರ್‌ನ ಆಟ, ಒಂದೇ ನಿಯಮದ ಮೇಲೆ ನಿಂತಿದೆ: ಕಾಲ ಮೇಲೆ ನಿಂತೇ ಬಾಲ್ ತೆಗೆಯಬೇಕು. ಈ ನೆಲದಲ್ಲಿ ಅದು ಸಾಧ್ಯ. ಇನ್ನೂ ಹೇಳಬೇಕೆಂದರೆ, ಹುಲ್ಲಿಗಿಂತ ಇಲ್ಲಿಯೇ ಸುಲಭ.

ಮೊದಲು ದೂರದ ಲೆಕ್ಕ. ಎದುರಿನವನು ಬಾಲ್ ಹಿಡಿದು ಬರುತ್ತಿದ್ದರೆ ಅವನತ್ತ ಜೋರಾಗಿ ಓಡುತ್ತೇನೆ, ಇನ್ನು ನಾಲ್ಕು ಮೀಟರ್ ಇದೆ ಎನ್ನುವಾಗ ಹೆಜ್ಜೆ ಚಿಕ್ಕದು ಮಾಡುತ್ತೇನೆ. ಗರಸಿನ ಮೇಲೆ ಸಡಿಲ ಹರಳು ಇರುವುದರಿಂದ ಕಾಲು ತಕ್ಷಣ ನಿಲ್ಲುವುದಿಲ್ಲ. ಹುಲ್ಲಿನ ಮೇಲೆ ಇಳಿಸುವುದಕ್ಕಿಂತ ಒಂದು ಮೀಟರ್ ಮೊದಲೇ ವೇಗ ಇಳಿಸಬೇಕು. ಕೊನೆಗೆ ನಿಲ್ಲುವ ಅಂತರ ಒಂದೂವರೆ ಮೀಟರ್, ಹೆಚ್ಚೆಂದರೆ ಎರಡು. ಇನ್ನೂ ಹತ್ತಿರ ಹೋದರೆ ಒಂದೇ ತಟ್ಟಿಗೆ ದಾಟಿಕೊಂಡು ಹೋಗುತ್ತಾನೆ. ದೂರ ನಿಂತರೆ ಅವನು ತಲೆ ಎತ್ತಿ ಪಾಸ್ ಹುಡುಕುತ್ತಾನೆ.

ಎರಡೂ ಪಾದ ಸಮಕ್ಕೆ ಇಟ್ಟು ಎದೆ ಕೊಟ್ಟು ನಿಲ್ಲುವುದು ನಮ್ಮ ಹುಡುಗರಲ್ಲಿ ನಾನು ಹೆಚ್ಚಾಗಿ ಕಾಣುವ ತಪ್ಪು. ಹಾಗೆ ನಿಂತವನ ಕಾಲ ಸಂದಿಯಲ್ಲೇ ಬಾಲ್ ಹೋಗುತ್ತದೆ. ಹೋಗದಿದ್ದರೂ ತಿರುಗಲು ಅವನಿಗೆ ಎರಡು ಹೆಜ್ಜೆ ದಂಡ. ಓರೆಯಾಗಿ ನಿಲ್ಲಬೇಕು. ರೈಟ್ ಬ್ಯಾಕ್ (ಬಲ ಅಂಚಿನ ಡಿಫೆಂಡರ್) ಜಾಗದಲ್ಲಿದ್ದರೆ ಟಚ್‌ಲೈನ್, ಅಂದರೆ ಮೈದಾನದ ಪಕ್ಕದ ಗೆರೆ, ನನ್ನ ಬಲಕ್ಕೆ ಇರುತ್ತದೆ. ಆಗ ಎಡಗಾಲು ಮುಂದೆ, ಬಲಗಾಲು ಹಿಂದೆ, ಎದೆ ಅರ್ಧದಷ್ಟು ಆ ಗೆರೆಯ ಕಡೆಗೆ. ನಾನು ನಿಲ್ಲುವುದು ಅವನಿಗಿಂತ ಅರ್ಧ ಮೀಟರ್ ಒಳಕ್ಕೆ. ಒಳಗಿನ ದಾರಿ ಮುಚ್ಚಿದೆ, ಹೊರಗಿನ ದಾರಿ ತೆರೆದಂತೆ ಕಾಣುತ್ತದೆ, ಅವನು ಅದನ್ನೇ ಹಿಡಿಯುತ್ತಾನೆ. ಲೆಫ್ಟ್ ಬ್ಯಾಕ್‌ಗೆ ಇದರ ಉಲ್ಟಾ. ಮಂಡಿ ಸ್ವಲ್ಪ ಬಾಗಿರಲಿ, ಹಿಮ್ಮಡಿ ನೆಲಕ್ಕೆ ಭಾರ ಬಿಡದಿರಲಿ. ಕಣ್ಣು ಬಾಲ್ ಮೇಲೆ. ಭುಜ, ಸೊಂಟ, ಮುಖ ಎಲ್ಲವೂ ಸುಳ್ಳು ಹೇಳುತ್ತವೆ, ಬಾಲ್ ಹೇಳುವುದಿಲ್ಲ.

ಇನ್ನು ಕಾಯುವುದು. ಗಟ್ಟಿ ನೆಲದಲ್ಲಿ ಬಾಲ್ ಕಾಲಿಗೆ ಅಂಟಿಕೊಳ್ಳುವುದಿಲ್ಲ. ಓಡುತ್ತಾ ಡ್ರಿಬಲ್ ಮಾಡುವವನ ಪ್ರತಿ ಮೂರನೆಯದೋ ನಾಲ್ಕನೆಯದೋ ಟಚ್ ಒಂದು ಮೀಟರ್ ಮುಂದೆ ಹೋಗುತ್ತದೆ, ಇಲ್ಲವೇ ಸಣ್ಣ ಕಲ್ಲಿಗೆ ತಾಗಿ ಮೊಣಕಾಲಿನ ಎತ್ತರಕ್ಕೆ ಪುಟಿಯುತ್ತದೆ. ಆ ಕ್ಷಣ ಬಾಲ್ ಅವನದಲ್ಲ. ಆಗ ಮುಂದಿರುವ ಕಾಲಿನಿಂದಲೇ ಕುಟುಕಬೇಕು. ಹಿಂದಿನ ಕಾಲು ತರುವಷ್ಟರಲ್ಲಿ ಸಮಯ ಮುಗಿದಿರುತ್ತದೆ, ಮೈಯ ಭಾರವೂ ತಪ್ಪಿರುತ್ತದೆ. ಮುಂದಿನ ಕಾಲಿನಿಂದ ಕುಟುಕಿ ತಪ್ಪಿದರೂ ಹಿಂದಿನ ಕಾಲು ನೆಲದಲ್ಲೇ ಇರುವುದರಿಂದ ತಿರುಗಿ ಓಡಬಹುದು. ಹಿಂದಿನಿಂದ ನಮ್ಮವರು "ಹೋಗ್ಬ್ಯಾಡ, ನಿಂದ್ರು!" ಅಂತ ಕೂಗುತ್ತಿದ್ದರೆ ಅದಕ್ಕಿಂತ ಒಳ್ಳೆಯ ಸಹಾಯ ಬೇರೆ ಇಲ್ಲ.

ಗೋಲಿಗೆ ಬೆನ್ನು ಹಾಕಿ ಬಾಲ್ ತೆಗೆದುಕೊಳ್ಳುವ ಸ್ಟ್ರೈಕರ್‌ಗೆ ಮೈ ಅಂಟಿಸಿ ನಿಲ್ಲಬಾರದು. ಅವನು ನಮ್ಮ ಭಾರವನ್ನೇ ಆಸರೆ ಮಾಡಿಕೊಂಡು ಹೊರಳಿ ಹೋಗುತ್ತಾನೆ. ಮೊಣಕೈ ಮಡಿಸಿದ ತೋಳಿನಷ್ಟು ಅಂತರ ಇಟ್ಟು, ಅವನ ಸೊಂಟದ ಪಕ್ಕದಿಂದ ಬಾಲ್ ಕಾಣುವಂತೆ ನಿಂತರೆ ಸಾಕು. ತಿರುಗದಂತೆ ನೋಡಿಕೊಂಡರೆ ಅರ್ಧ ಕೆಲಸ ಆಯಿತು.

ಈ ಆಟಕ್ಕೆ ನಾನು ಎದುರಿಗಿಟ್ಟುಕೊಂಡಿರುವುದು ಇಟಲಿಯ ಡಿಫೆಂಡರ್ ಪಾವೊಲೊ ಮಾಲ್ದಿನಿಯನ್ನು. 1985ರಿಂದ 2009ರವರೆಗೆ ಒಂದೇ ಕ್ಲಬ್ ಎಸಿ ಮಿಲಾನ್, 902 ಪಂದ್ಯ, ಇಟಲಿಗೆ 126. ಬಲಗಾಲಿನವರಾದರೂ ಬಹುಕಾಲ ಆಡಿದ್ದು ಲೆಫ್ಟ್ ಬ್ಯಾಕ್, ಆಮೇಲೆ ನಡುವಿಗೆ ಬಂದರು. ಇಪ್ಪತ್ತನಾಲ್ಕು ವರ್ಷ ಅಷ್ಟು ಎತ್ತರದ ಮಟ್ಟದಲ್ಲಿ ಆಡಿದ್ದು ಬರೀ ಓಟದ ಬಲದಿಂದಲ್ಲ. ಅವರ ಹಳೆಯ ಪಂದ್ಯ ನೋಡುವಾಗ ಬಾಲ್ ಬಿಟ್ಟು ಅವರ ಪಾದವನ್ನೇ ನೋಡಿ. ವಿಂಗರ್‌ಗೆ (ಅಂಚಿನಲ್ಲಿ ಆಡುವ ಫಾರ್ವರ್ಡ್‌ಗೆ) ಪಾಸ್ ಹೊರಡುವ ಮೊದಲೇ ಅವರು ಓರೆಯಾಗಿ ತಿರುಗಿ ಒಂದೆರಡು ಹೆಜ್ಜೆ ಜಾಗ ಬದಲಿಸಿರುತ್ತಾರೆ. ಬಿದ್ದು ಮಾಡುವ ಟ್ಯಾಕಲ್ ಬೇಕಾದಾಗ ಅದ್ಭುತವಾಗಿ ಮಾಡುತ್ತಿದ್ದರು, ಆದರೆ ಬೇಕಾಗುತ್ತಿದ್ದುದೇ ಅಪರೂಪ.

ನಮ್ಮ ಕಡೆ ಗೋಲು ಹೆಚ್ಚು ಹೋಗುವುದು ಡ್ರಿಬಲ್‌ನಿಂದಲ್ಲ, ಲಾಂಗ್ ಬಾಲ್‌ನಿಂದ. ಬೇಸಿಗೆಯಲ್ಲಿ ಕಾದ ನೆಲಕ್ಕೆ ಬಿದ್ದ ಬಾಲ್ ಸ್ಟಾಪರ್‌ನ ತಲೆ ದಾಟಿ ಪುಟಿಯುತ್ತದೆ. ಬಾಲ್ ಗಾಳಿಯಲ್ಲಿದ್ದಾಗ ಮುಂದೆ ಓಡುವುದು ಎಲ್ಲರಿಗೂ ಬರುವ ಮೊದಲ ಆಸೆ, ಅದನ್ನೇ ತಡೆಯಬೇಕು. ಒದೆಯುವವನ ಕಾಲು ಹಿಂದಕ್ಕೆ ಹೋದ ಕೂಡಲೇ ನಾನು ಒಂದು ಪಾದ ಹಿಂದಿಟ್ಟು ಓರೆಯಾಗಿ ಮೂರು ಹೆಜ್ಜೆ ಹಿಂದೆ ಹೋಗಿರುತ್ತೇನೆ. ಬಾಲ್ ಗಿಡ್ಡವಾಗಿ ಬೀಳುವುದಾದರೆ ಮುಂದೆ ಬರಲು ಸಮಯ ಸಿಗುತ್ತದೆ, ಓಡಿ ಬರುವುದರಿಂದ ಹೆಡ್‌ಗೂ ಬಲ ಬರುತ್ತದೆ. ಉದ್ದ ಬಂದರೆ ಆಗಲೇ ಹಿಂದಿರುತ್ತೇನೆ. ಹಿಂದಕ್ಕೆ ಓಡುವಾಗ ಎದೆ ಬಾಲ್ ಕಡೆಗೆ ಇಟ್ಟು ಹಿಮ್ಮುಖವಾಗಿ ತಡವರಿಸಬಾರದು. ಸೊಂಟ ತಿರುಗಿಸಿ ಓಡಿ, ಭುಜದ ಮೇಲಿಂದ ನೋಡಬೇಕು.

ನೆಲಕ್ಕೆ ಬೀಳುವ ಮೊದಲು ಮುಟ್ಟಲು ಆಗುವುದೇ ಇಲ್ಲ ಎನಿಸಿದರೆ, ಬಿದ್ದ ಜಾಗದ ಹತ್ತಿರ ನಿಲ್ಲಬೇಡಿ. ಅಲ್ಲಿಂದ ನಾಲ್ಕೈದು ಮೀಟರ್ ಗೋಲಿನ ಕಡೆ ಹೋಗಿ, ಫಾರ್ವರ್ಡ್‌ಗೂ ಬಾಲ್‌ಗೂ ನಡುವೆ ಮೈ ಇಡಿ, ಎರಡನೇ ಪುಟಿತಕ್ಕೆ ಕಾಯಿರಿ. ಮೈದಾನದ ನಡುವೆ ಕ್ರಿಕೆಟ್ ಪಿಚ್ ಇದ್ದರೆ ಪಂದ್ಯಕ್ಕೆ ಮೊದಲು ಅದರ ಅಂಚಿನಲ್ಲಿ ಬಾಲ್ ಎಸೆದು ನೋಡುವುದು ಒಳ್ಳೆಯದು. ಸಿಮೆಂಟಿಗೂ ಮಣ್ಣಿಗೂ ಸೇರುವ ಗೆರೆಯಲ್ಲಿ ಬಾಲ್ ಯಾವ ಕಡೆ ಮುರಿಯುತ್ತದೆ ಎಂದು ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಚಿತ್ರದುರ್ಗದಲ್ಲಿ ಆಷಾಢದ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರ ನಿಂತಿರುವ ಊರು ಅದು. ಎದುರಾಳಿ ಗೋಲ್‌ಕೀಪರ್ ಗಾಳಿಗೆ ಎದುರಾಗಿ ಒದ್ದರೆ ಬಾಲ್ ಮೇಲೆ ನಿಂತಂತಾಗಿ ನೆಟ್ಟಗೆ ಇಳಿಯುತ್ತದೆ. ಆಗ ನಮ್ಮ ಡಿಫೆನ್ಸ್ ಸಾಲು ಐದಾರು ಮೀಟರ್ ಮುಂದೆ ಇರಬೇಕು. ಗಾಳಿಯ ಜೊತೆ ಒದೆಯುತ್ತಿದ್ದರೆ ಎಂಟು–ಹತ್ತು ಮೀಟರ್ ಹಿಂದೆ. ನಾವು ಗಾಳಿಗೆ ಎದುರಾಗಿ ಕ್ಲಿಯರ್ ಮಾಡುವಾಗ ಎತ್ತಿ ಹೊಡೆದರೆ ಬಾಲ್ ವಾಪಸ್ ನಮ್ಮ ಬಾಕ್ಸ್ (ಗೋಲಿನ ಮುಂದಿನ ಪೆನಾಲ್ಟಿ ಜಾಗ) ಮುಂದೆಯೇ ಬರುತ್ತದೆ. ತಗ್ಗಾಗಿ, ಗೆರೆಯ ಕಡೆಗೆ ಹೊಡೆಯಬೇಕು. ಥ್ರೋ ಇನ್ ಕೊಟ್ಟರೂ ಪರವಾಗಿಲ್ಲ.

ಹೆಡ್ಡಿಂಗ್‌ಗೆ ಎತ್ತರ ಬೇಕೇ ಬೇಕು ಎನ್ನುವವರಿಗೆ ಫಾಬಿಯೊ ಕನ್ನವಾರೊ ಉತ್ತರ. ಎತ್ತರ ಸುಮಾರು 176 ಸೆಂಟಿಮೀಟರ್, ಆಡಿದ್ದು ನಡು ಡಿಫೆನ್ಸ್, 2006ರಲ್ಲಿ ಇಟಲಿಯ ನಾಯಕನಾಗಿ ವಿಶ್ವಕಪ್, ಅದೇ ವರ್ಷ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್. ಅವರು ಎದುರಾಳಿಗಿಂತ ಒಂದು ಗಳಿಗೆ ಮುಂಚೆ ಜಿಗಿಯುತ್ತಿದ್ದರು. ಎತ್ತರದವನು ನೆಲ ಬಿಡುವಷ್ಟರಲ್ಲಿ ಬಾಲ್ ಮುಗಿದಿರುತ್ತಿತ್ತು. ಓಡಿ ಬಂದು ಒಂಟಿ ಕಾಲಿನಿಂದ ಜಿಗಿಯಬೇಕು, ಹಣೆಯ ಮೇಲ್ಭಾಗ ತಾಗಬೇಕು, ಕಣ್ಣು ತೆರೆದು ಬಾಯಿ ಮುಚ್ಚಿರಬೇಕು. ಬಲ ಕತ್ತಿನದಲ್ಲ, ಸೊಂಟದ್ದು. ಕ್ಲಿಯರ್ ಮಾಡುವುದಾದರೆ ಬಾಲ್‌ನ ಕೆಳ ಅರ್ಧಕ್ಕೆ ತಾಗಿಸಿ. ಕೈ ಸಮತೋಲಕ್ಕೆ ಮಾತ್ರ. ಮೊಣಕೈ ಎದುರಾಳಿಯ ಮುಖಕ್ಕೆ ತಾಗಿದರೆ ಕಾರ್ಡ್ ಬರಬಹುದು. ಬೇವಿನ ಕೊಂಬೆಗೆ ಬಲೆಚೀಲದಲ್ಲಿ ಬಾಲ್ ಕಟ್ಟಿ, ನಿಂತಾಗಿನ ಹಣೆಗಿಂತ ಒಂದಡಿ ಮೇಲೆ ತೂಗಿಬಿಟ್ಟು, ಓಡಿ ಬಂದು ಜಿಗಿಯುವ ಅಭ್ಯಾಸ ಮಾಡಬಹುದು. ಹತ್ತು ಹತ್ತರಂತೆ ಎರಡು ಸರತಿ, ವಾರಕ್ಕೆ ಎರಡು ದಿನ ಸಾಕು. ಸಣ್ಣ ಮಕ್ಕಳಿಗೆ ಇದು ಬೇಡ.

ತಲೆಗೆ ಪೆಟ್ಟಾದರೆ ಅವತ್ತಿನ ಆಟ ಮುಗಿಯಿತು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಭಾರತದ ಸ್ಟಾಪರ್ ಜರ್ನೈಲ್ ಸಿಂಗ್ ಅವರನ್ನು ಕೋಚ್ ಸೈಯದ್ ಅಬ್ದುಲ್ ರಹೀಮ್ ಫಾರ್ವರ್ಡ್ ಆಗಿ ಇಳಿಸಿದರು. ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿದಾಗ ಒಂದು ಗೋಲು ಅವರದೇ. ಆ ಎದೆಗಾರಿಕೆಗೆ ನನ್ನ ನಮಸ್ಕಾರ. ಆದರೆ ಮಿದುಳಿಗೆ ಆಗುವ ಪೆಟ್ಟಿನ ಬಗ್ಗೆ ಈಗ ತಿಳಿದಿರುವಷ್ಟು ಆಗ ತಿಳಿದಿರಲಿಲ್ಲ.

ಇಬ್ಬರು ಸ್ಟಾಪರ್‌ಗಳ ನಡುವೆ ಎಂಟರಿಂದ ಹತ್ತು ಮೀಟರ್ ಇರಲಿ. ಒಬ್ಬ ಬಾಲ್‌ಗೆ ಹೋದರೆ ಇನ್ನೊಬ್ಬ ಓರೆಯಾಗಿ ಮೂರು–ನಾಲ್ಕು ಮೀಟರ್ ಹಿಂದೆ. ಸಾಲು ಏರಿಸುವುದೋ ಇಳಿಸುವುದೋ ಎನ್ನುವುದಕ್ಕೆ ನಾನು ನೋಡುವುದು ಬಾಲ್ ಹಿಡಿದವನ ತಲೆಯನ್ನು. ತಲೆ ಕೆಳಗಿದೆ, ನಮ್ಮವನು ಅವನ ಮೇಲೆ ಬಿದ್ದಿದ್ದಾನೆ, ಅಥವಾ ಬಾಲ್ ಹಿಂದಕ್ಕೆ ಪಾಸ್ ಆಯಿತು: "ಮೇಲೆ!" ತಲೆ ಎತ್ತಿದ್ದಾನೆ, ಯಾರೂ ಹತ್ತಿರವಿಲ್ಲ: "ಇಳೀರಿ!" ಅರಿಗೊ ಸಾಕ್ಕಿ ಕೋಚ್ ಆಗಿದ್ದ ಮಿಲಾನ್‌ನಲ್ಲಿ ಡಿಫೆಂಡರ್ ಫ್ರಾಂಕೊ ಬರೇಸಿ ಇದೇ ಸಾಲನ್ನು ಎತ್ತಿ ಎತ್ತಿ ಎದುರಾಳಿಯನ್ನು ಆಫ್‌ಸೈಡ್‌ಗೆ (ಪಾಸ್ ಹೊರಡುವಾಗ ಡಿಫೆನ್ಸ್ ಸಾಲು ದಾಟಿ ಗೋಲಿನ ಕಡೆ ನಿಂತಿರುವ ತಪ್ಪಿಗೆ) ಕೆಡವುತ್ತಿದ್ದರು, ಆ ತಂಡ 1989, 1990ರಲ್ಲಿ ಸತತವಾಗಿ ಯುರೋಪಿಯನ್ ಕಪ್ ಗೆದ್ದಿತು. ಆದರೆ ಲೈನ್ ರೆಫರಿ ಇಲ್ಲದ ಪಂದ್ಯದಲ್ಲಿ ಕೈ ಎತ್ತಿ ನಿಲ್ಲುವ ಡಿಫೆನ್ಸ್‌ಗೆ ಅರ್ಥವಿಲ್ಲ. ಅಲ್ಲಿ ಸೀಟಿ ಕೇಳುವವರೆಗೂ ಓಡಿ. ಇನ್ನೊಂದು, ಹುಡುಗರು ಮರೆಯುವುದು: ಥ್ರೋ ಇನ್, ಗೋಲ್ ಕಿಕ್, ಕಾರ್ನರ್‌ನಿಂದ ನೇರವಾಗಿ ಬಂದ ಬಾಲ್‌ಗೆ ಆಫ್‌ಸೈಡ್ ಇಲ್ಲವೇ ಇಲ್ಲ. ಸ್ಟಾಪರ್‌ಗೆ ಸಮನಾಗಿ ನಿಂತವನೂ ಆಫ್‌ಸೈಡ್ ಅಲ್ಲ.

ಬಾಕ್ಸ್ ಒಳಗೆ ಅಂಗಿ ಹಿಡಿದು ಎಳೆಯಲೇಬಾರದು. 2016ರ ನಿಯಮ ಬದಲಾವಣೆಯ ನಂತರ, ಖಚಿತ ಗೋಲಿನ ಅವಕಾಶವನ್ನು ಬಾಕ್ಸ್‌ನಲ್ಲಿ ತಪ್ಪಿಸಿದವನು ನಿಜವಾಗಿ ಬಾಲ್‌ಗೇ ಹೋಗಿದ್ದರೆ ಪೆನಾಲ್ಟಿ ಜೊತೆ ಹಳದಿ ಕಾರ್ಡ್. ಹಿಡಿದದ್ದು, ಎಳೆದದ್ದು, ತಳ್ಳಿದ್ದಾದರೆ ಪೆನಾಲ್ಟಿ ಜೊತೆ ಕೆಂಪು. ಕ್ರಾಸ್ (ಅಂಚಿನಿಂದ ಗೋಲಿನ ಮುಂದಕ್ಕೆ ಒದ್ದ ಬಾಲ್) ಬರುವಾಗ ಬಾಲ್ ಒಂದನ್ನೇ ನೋಡುತ್ತಾ ನಿಂತರೆ ಹಿಂದಿನ ಪೋಸ್ಟ್‌ನಲ್ಲಿ ಆಳು ಕಳೆದುಹೋಗುತ್ತಾನೆ. ಎರಡೂ ಕಾಣುವಂತೆ ಓರೆ ನಿಲ್ಲಿ, ಅವನಿಗಿಂತ ಅರ್ಧ ಹೆಜ್ಜೆ ಗೋಲಿನ ಕಡೆ.

ಗೋಲ್‌ಕೀಪರ್‌ಗೆ ಹಿಂದಕ್ಕೆ ಪಾಸ್ ಕೊಡುವಾಗ ನೇರ ಗೋಲಿನತ್ತ ತಟ್ಟಬೇಡಿ. 1992ರಿಂದ ಆ ಪಾಸನ್ನು ಅವನು ಕೈಯಲ್ಲಿ ಹಿಡಿಯುವಂತಿಲ್ಲ, ಕಾಲಿಗೇ ಬರಬೇಕು. ಗರಸಿನ ಮೇಲೆ ಬಾಲ್ ಅವನ ಕಾಲಿನ ಹತ್ತಿರ ಬಂದು ಪುಟಿದರೆ ಸ್ವಂತ ಗೋಲು. ಅವನನ್ನು ಪೋಸ್ಟ್‌ನಿಂದ ಎರಡು ಮೀಟರ್ ಹೊರಗೆ ಕರೆದು ಅಲ್ಲಿಗೆ ಕೊಡಿ. ತಪ್ಪಿದರೆ ಕಾರ್ನರ್ ಹೋಗುತ್ತದೆ, ಅಷ್ಟೇ.

ಕೊನೆಗೆ ಶೂ ಮತ್ತು ಮೈಯ ವಿಚಾರ. ಮೆತ್ತಗಿನ ನೆಲಕ್ಕೆಂದು ಮಾಡಿದ ಉದ್ದ ಸ್ಟಡ್ಸ್ ಗರಸಿಗೆ ಇಳಿಯುವುದಿಲ್ಲ. ಪಾದದಡಿ ಒತ್ತಿ ನೋಯುತ್ತದೆ, ತಿರುಗುವಾಗ ಹಿಮ್ಮಡಿಗಂಟು ಹೊರಳುತ್ತದೆ. ಚಿಕ್ಕ ರಬ್ಬರ್ ಗುಬುಟುಗಳು ತುಂಬಿರುವ ಟರ್ಫ್ ಶೂ ಈ ನೆಲಕ್ಕೆ ಸರಿ. ಐದನೇ ಸೈಜಿನ ಬಾಲ್‌ಗೆ ನಿಯಮ 8.5ರಿಂದ 15.6 ಪಿಎಸ್‌ಐವರೆಗೆ ಗಾಳಿ ತುಂಬಲು ಬಿಡುತ್ತದೆ. ಗಟ್ಟಿ ನೆಲದ ಅಭ್ಯಾಸಕ್ಕೆ ನಾನು 9ರ ಆಸುಪಾಸು ಇಡುತ್ತೇನೆ, ಪುಟಿತ ಹಿಡಿತಕ್ಕೆ ಬರುತ್ತದೆ. ಹಿಂದೆ ತಿರುಗಿ ಏಕಾಏಕಿ ಓಡುವ ಕೆಲಸವಾದ್ದರಿಂದ ಸ್ಟಾಪರ್‌ಗೆ ತೊಡೆಯ ಹಿಂಭಾಗ ಎಳೆಯುವುದು ಸಾಮಾನ್ಯ. ಮಂಡಿಯೂರಿ ಕೂತು, ಜೊತೆಯವನು ಹಿಮ್ಮಡಿ ಒತ್ತಿ ಹಿಡಿದಿರುವಾಗ, ಮೈಯನ್ನು ನೆಟ್ಟಗಿಟ್ಟು ನಿಧಾನವಾಗಿ ಮುಂದೆ ಇಳಿಸುವ ನಾರ್ಡಿಕ್ ವ್ಯಾಯಾಮ ಐದೈದರಂತೆ ಎರಡು ಸರತಿಯಿಂದ ಶುರು ಮಾಡಿ. ಪಂದ್ಯದ ಹಿಂದಿನ ದಿನ ಮಾಡಬೇಡಿ, ತೊಡೆ ಹಿಡಿದುಕೊಳ್ಳುತ್ತದೆ.

ಹೇಗೂ ಒಮ್ಮೊಮ್ಮೆ ಬಿದ್ದು ಟ್ಯಾಕಲ್ ಮಾಡಲೇಬೇಕಾಗುತ್ತದೆ. ಆಗ ಗೆರೆಯ ಹತ್ತಿರ, ಪಕ್ಕದಿಂದ, ಕೆಳಗಿನ ಕಾಲು ಮಡಿಸಿ, ಮೇಲಿನ ಕಾಲಿನಿಂದ ಬಾಲ್ ಹೊರಗೆ ತಳ್ಳಿ. ಒಳಗೆ ಉದ್ದನೆಯ ಬಿಗಿ ಶಾರ್ಟ್ಸ್ ಹಾಕಿದ್ದರೆ ಚರ್ಮ ಅರ್ಧ ಉಳಿಯುತ್ತದೆ. ಕಿತ್ತ ಜಾಗವನ್ನು ಅಲ್ಲೇ ನಲ್ಲಿ ನೀರು, ಸೋಪಿನಲ್ಲಿ ತೊಳೆದು ಮಣ್ಣಿನ ಹರಳು ಪೂರ್ತಿ ತೆಗೆಯಿರಿ. ಮಣ್ಣು ಉಳಿದರೆ ಕೀವು ಕಟ್ಟುತ್ತದೆ. ಟಿಟಿ ಇಂಜೆಕ್ಷನ್ ಆಗಿ ಐದು ವರ್ಷ ದಾಟಿದ್ದರೆ ಡಾಕ್ಟರ್‌ಗೆ ಒಮ್ಮೆ ತೋರಿಸಿ.